ಸನ್ಮಾನದಿಂದ ಪಾರಾದ ಸವಿತಾ

ಪರೀಕ್ಷೆಗೆ ಹೊರಟವಳನ್ನು ತಡೆಯಬೇಕೆ? ಬಾಗಿಲಿಗೆ ಬೀಗ ಹಾಕಬೇಕಿಲ್ಲ, ಪುಸ್ತಕ ಸುಡಬೇಕಿಲ್ಲ. ಅವಳಿಗೊಂದು ಸನ್ಮಾನ ಇಟ್ಟುಕೊಳ್ಳಿ, ಸಾಕು.

ಕಳೆದ ಮಾರ್ಚ್‌ನಲ್ಲಿ ಬೆಳಗೋಡಿನ ಹತ್ತಿರದ ಒಂದು ಊರಿನಲ್ಲಿ ಇದು ನಡೆಯಿತು. ಅಧ್ಯಕ್ಷತೆ ನನ್ನದೇ. (ಪತ್ರಿಕೆಗೆ ಬರೆಯುವವರಿಗೆ ಬೇರೆ ಕೆಲಸ ಇರುವುದಿಲ್ಲ ಎಂಬ ನಂಬಿಕೆ ನಮ್ಮ ತಾಲ್ಲೂಕಿನಲ್ಲಿ ಬಲವಾಗಿದೆ. ನಾನೂ ಅದನ್ನು ಸುಳ್ಳು ಮಾಡಲು ಹೋಗಿಲ್ಲ.)

ಸವಿತಾಳ ಗಂಡ ಲಾರಿ ಡ್ರೈವರ್. ದೋಣಿಗಲ್ ದಾಟಿ ಘಾಟಿ ಇಳಿದವನು ಮತ್ತೆ ಹತ್ತಲಿಲ್ಲ. ಆಕ್ಸಿಡೆಂಟ್ ಏನೂ ಆಗಿಲ್ಲ. ಕೆಳಗೆ ಇನ್ನೊಂದು ಸಂಸಾರ ಹೂಡಿ ಆರೋಗ್ಯವಾಗಿದ್ದಾನೆ. ಇವಳಿಗೆ ಉಳಿದದ್ದು ಒಂದು ಕೈಕೂಸು ಮತ್ತು ಎಂದೋ ಪಾಸಾದ ಪಿಯುಸಿ. ಎಸ್ಟೇಟಿನ ಸ್ಟೋರ್‌ನಲ್ಲಿ ಕೆಲಸ ಮಾಡುತ್ತಲೇ ಅಂಚೆ ತೆರಪಿನಲ್ಲಿ ಬಿ.ಎ.ಗೆ ಸೇರಿಕೊಂಡಳು. ಆಮೇಲೆ ಬಿ.ಎಡ್., ಆಮೇಲೆ ಟೀಚರ್ ಕೆಲಸ. ಲೆಕ್ಕ ಸರಿಯಾಗಿಯೇ ಇತ್ತು.

ಊರಿನ ಯುವಕ ಸಂಘ (ಸದಸ್ಯರೆಲ್ಲ ಐವತ್ತು ದಾಟಿದವರು) ಅವಳಿಗೆ ಸ್ಕಾಲರ್‌ಶಿಪ್ ಕೊಟ್ಟಿತು. ಫೀಸು, ಪುಸ್ತಕ, ಬಸ್ ಚಾರ್ಜು, ಎಲ್ಲ. ಬಿ.ಎಡ್. ಖರ್ಚೂ ತಮ್ಮದೇ ಎಂದು ಮಾತು ಕೊಟ್ಟಿತು. ಒಳ್ಳೆಯ ಕೆಲಸ, ವ್ಯಂಗ್ಯವಾಗಿ ಹೇಳುತ್ತಿಲ್ಲ. ಷರತ್ತು ಒಂದೇ: ಒಂದು ಪೇಪರ್ ಹೋದರೂ ಸ್ಕಾಲರ್‌ಶಿಪ್ ಬಂದ್.

ಕೊನೆಯ ವರ್ಷದ ಕೊನೆಯ ಪೇಪರ್ ಒಂದು ಭಾನುವಾರ, ಮಧ್ಯಾಹ್ನ ಎರಡಕ್ಕೆ, ಹಾಸನದಲ್ಲಿ. ಸಂಘ ಸನ್ಮಾನ ಇಟ್ಟುಕೊಂಡದ್ದೂ ಅದೇ ಭಾನುವಾರ. ಯಾಕೆ? ಮುಖ್ಯ ಅತಿಥಿಗಳು ದೊಡ್ಡ ಪ್ಲಾಂಟರ್. ಅವರಿಗೆ ಬಿಡುವು ಅಂದೇ.

"ಹತ್ತಕ್ಕೆ ಶುರು, ಹನ್ನೊಂದಕ್ಕೆ ಮುಗ್ದೋಯ್ತದೆ ಕಣವ್ವ. ಹನ್ನೊಂದೂವರೆ ಬಸ್ಸಿಗೆ ನಾವೇ ಹತ್ತಿಸ್ತೀವಿ" ಎಂದು ಕಾರ್ಯದರ್ಶಿ ರಾಜೇಗೌಡರು ಅವಳಿಗೆ ಧೈರ್ಯ ಹೇಳಿದ್ದರು.

ಹತ್ತೂವರೆಯಾಯಿತು. ಮುಖ್ಯ ಅತಿಥಿಗಳ ಕುರ್ಚಿ ಖಾಲಿ. ರಾಜೇಗೌಡರು ಮೈಕ್ ಹಿಡಿದು, "ಸಾಹೇಬ್ರು ಹೂವಿನ ನೀರು ಹೊಡಿಸ್ತಾವ್ರೆ. ಪಂಪು ನಿಲ್ಸಂಗಿಲ್ಲ" ಎಂದರು.

"ಹೌದೌದು, ನಿಲ್ಸಂಗಿಲ್ಲ" ಎಂದಿತು ಸಭೆ, ಒಂದೇ ದನಿಯಲ್ಲಿ.

ನಮ್ಮ ಕಡೆ ಮಾರ್ಚ್‌ನಲ್ಲಿ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಕಾಫಿ ಹೂವು ಬಿಡಿಸಬೇಕು. ನೀರು ಅರ್ಧಕ್ಕೆ ನಿಂತರೆ ವರ್ಷದ ಫಸಲಿಗೆ ಪೆಟ್ಟು. ಆದ್ದರಿಂದ ಹೂವಿನ ನೀರಿಗಾಗಿ ತಡವಾದವರನ್ನು ಇಲ್ಲಿ ಯಾರೂ ಬೈಯುವುದಿಲ್ಲ. ಮದುವೆಗೆ ಮದುಮಗನೇ ತಡವಾದರೂ ಕ್ಷಮೆಯುಂಟು. ಗಿಡಕ್ಕೆ ಒಂದು ವರ್ಷ ದಂಡವಾಗಬಾರದು ಎಂಬುದು ಎಲ್ಲರಿಗೂ ಅರ್ಥವಾಯಿತು. ವೇದಿಕೆಯ ಮೇಲೆ ಕೂತವಳಿಗೂ ಒಂದು ವರ್ಷ ಇದೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ಸರಿ, ಹೊತ್ತು ಕಳೆಯಬೇಕಲ್ಲ? ಪ್ರಾರ್ಥನೆ ಇನ್ನೊಮ್ಮೆ ಆಯಿತು. ಒಬ್ಬರು ಭಾವಗೀತೆ ಹಾಡಿದರು. ನಿವೃತ್ತ ಮೇಷ್ಟರೊಬ್ಬರು ಮಹಿಳೆ ಮತ್ತು ಶಿಕ್ಷಣ ಕುರಿತು ಮಾತು ಶುರುಮಾಡಿ, ಗಾರ್ಗಿ ಮೈತ್ರೇಯಿಯರಿಂದ ಹೊರಟು, ಹನ್ನೊಂದೂಕಾಲಾದರೂ ನಮ್ಮ ಜಿಲ್ಲೆಗೆ ತಲುಪಿರಲಿಲ್ಲ. ಪಕ್ಕದಲ್ಲಿ ಸವಿತಾ ಹಾಲ್ ಟಿಕೆಟ್ ಹಿಡಿದು ಕೂತಿದ್ದಳು.

"ಸಾರ್, ಎದ್ದೋದ್ರೆ ಜನ ತಪ್ಪು ತಿಳ್ಕೋತಾರಾ?"

"ತಿಳ್ಕೋತಾರೆ. ಹೋಗು" ಎಂದೆ.

ಹೊರಗೆ ಬಸ್ಸಿನ ಹಾರನ್ ಕೇಳಿತು. ಸವಿತಾ ಎದ್ದಳು. ಮೇಷ್ಟರ ಮುಂದಿದ್ದ ಮೈಕಿಗೆ ಬಾಗಿ, "ಇಲ್ಲಿಗಂಟ ಎಲ್ರೂ ಸೇರಿ ಓದ್ಸಿದ್ದೀರಿ. ಇನ್ನೊಂದು ಉಪಕಾರ ಮಾಡಿ, ಬರಿಯಾಕೆ ಬುಡಿ" ಎಂದಳು. ಕೈಮುಗಿದಳು. ಓಡಿದಳು.

ಸಮುದಾಯ ಭವನದ ಬಾಗಿಲು ರಸ್ತೆಗೇ ತೆರೆಯುತ್ತದೆ. ವೇದಿಕೆಯಿಂದ ಎಲ್ಲ ಕಾಣುತ್ತಿತ್ತು. ಬಸ್ಸು ಆಗಲೇ ಹೊರಟಿತ್ತು. ಆದರೆ ಮುಂದೆ ಹೋಗುವಂತಿರಲಿಲ್ಲ. ರಸ್ತೆಯ ನಡುವೆ ಜಯಮ್ಮ ನಿಂತಿದ್ದರು.

ಜಯಮ್ಮ ಸವಿತಾಳ ಪಕ್ಕದ ಮನೆಯವರು. ಸವಿತಾ ಕೆಲಸಕ್ಕೆ ಹೋದಾಗ, ಓದಲು ಕೂತಾಗ, ಹಾಸನಕ್ಕೆ ಕ್ಲಾಸಿಗೆ ಹೋದಾಗ ಮಗುವನ್ನು ನೋಡಿಕೊಂಡವರು. ಸಭೆಗೆ ಬಂದಿರಲಿಲ್ಲ, ಯಾರೂ ಕರೆದಿರಲೂ ಇಲ್ಲ. ಈಗಲೂ ಆ ಮಗುವಿನ ಕೈಹಿಡಿದೇ ನಿಂತಿದ್ದರು.

"ಸಾಯಾಕೆ ಬೇರೆ ಬಸ್ ಸಿಗ್ಲಿಲ್ವೇನಮ್ಮ?" ಕಂಡಕ್ಟರ್ ಕೂಗಿದ.

"ಹಾಸನಕ್ಕೆ ಹೋಗೋದು ಇದೇ ಅಲ್ವೇನಪ್ಪ? ನಮ್ಮುಡ್ಗಿ ಹತ್ತೋಗಂಟ ನಾನು ಕದಲಾಕಿಲ್ಲ."

ಸವಿತಾ ಹತ್ತಿದಳು. ಜಯಮ್ಮ ಪಕ್ಕಕ್ಕೆ ಸರಿದರು. ಬಸ್ಸು ಹೊರಟಿತು.

ಸಭೆ ಮಾತ್ರ ಮುನಿಸಿಕೊಂಡಿತು. "ಒಂದರ್ಧ ಗಂಟೆ ಕೂತ್ಕಳಾಕೆ ಆಗ್ಲಿಲ್ವಾ? ಓದಿದೋರಿಗೆ ಜಂಬ ಕಣ್ರೀ" ಎಂದರು ಮುಂದಿನ ಸಾಲಿನವರು. ಮುಖ್ಯ ಅತಿಥಿಗಳು ಹನ್ನೆರಡೂವರೆಗೆ ಬಂದರು. ಹೂವಿನ ನೀರು ಚೆನ್ನಾಗಿ ಆಗಿತ್ತಂತೆ, ಚಪ್ಪಾಳೆ ಬಿತ್ತು. ತಂದ ಶಾಲು ದಂಡವಾಗಬಾರದೆಂದು ಅವರಿಗೇ ಹೊದಿಸಲಾಯಿತು. ಹೊದಿಸಿದವನು ನಾನೇ, ಅಧ್ಯಕ್ಷನಲ್ಲವೇ?

ಕಳೆದ ವಾರ ರಾಜೇಗೌಡರು ಮನೆಗೆ ಬಂದಿದ್ದರು. ಸವಿತಾ ಪಾಸಾಗಿದ್ದಾಳೆ, ಬಿ.ಎಡ್. ಸೀಟೂ ಸಿಕ್ಕಿದೆ. ಸಂಘಕ್ಕೆ ಹೆಮ್ಮೆ. ಸ್ಕಾಲರ್‌ಶಿಪ್ ಮುಂದುವರಿಯುತ್ತದೆ.

"ಹೋದ್ಸಲ ಅರ್ಧಕ್ಕೇ ನಿಂತೋಯ್ತಲ್ಲ ಸಾರ್. ಈ ಸಲ ಗ್ರ್ಯಾಂಡಾಗಿ ಸನ್ಮಾನ ಮಾಡ್ಬುಡಾನ. ನೀವೇ ಅಧ್ಯಕ್ಷರು."

ಅವಳಿಗೆ ಕ್ಲಾಸ್ ಶುರುವಾಗಿದೆ, ಅವಳನ್ನು ಬಿಟ್ಟುಬಿಡಿ, ಸನ್ಮಾನ ಮಾಡಲೇಬೇಕಿದ್ದರೆ ಜಯಮ್ಮನಿಗೆ ಮಾಡಿ ಎಂದೆ.

ರಾಜೇಗೌಡರು ಕಾಫಿ ಲೋಟ ಕೆಳಗಿಟ್ಟು, ನಿಜಕ್ಕೂ ಗೊತ್ತಿಲ್ಲದವರಂತೆ ನನ್ನ ಮುಖ ನೋಡಿದರು.

"ಆವಮ್ಮ ಏನ್ ಮಾಡವ್ರೆ ಸಾರ್?"