ಮೇಷ್ಟ್ರು ಒಪ್ಪಲಿಲ್ಲ

ತುರುವೇಕೆರೆ ಕಡೆಯ ನಮ್ಮೂರಲ್ಲಿ ಪಕ್ಕದ ಮನೆಯಲ್ಲಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು ನಾನಾಡಿದ ಒಂದೇ ಒಂದು ಮಾತನ್ನೂ ಒಪ್ಪಿದವರಲ್ಲ. ಬಿಸಿಲು ಜೋರು ಎಂದರೂ ಸಾಕು, ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತ "ಐ ಬೆಗ್ ಟು ಡಿಫರ್" ಎನ್ನುತ್ತಿದ್ದರು. ಒಪ್ಪುವುದಿಲ್ಲ ಎಂಬುದನ್ನು ಅಷ್ಟು ವಿನಯವಾಗಿ ಹೇಳಿಸಿಕೊಂಡರೆ ಸಿಟ್ಟು ಇನ್ನೂ ಏರುತ್ತದೆ. ನನ್ನ ಹೆಂಡತಿ ನನ್ನ ಪರ ಮಾತಾಡಿದರೆ, "ಒಪಿನಿಯನ್ ಈಸ್ ಡಿವೈಡೆಡ್", ಇದರಲ್ಲಿ ಎರಡು ಅಭಿಪ್ರಾಯವಿದೆ, ಎಂದು ಎದ್ದು ಹೋಗುತ್ತಿದ್ದರು.

ಒಮ್ಮೆ, ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ತಿಂಗಳುಗಟ್ಟಲೆ ಹರಡಿದ್ದ ತೆಂಗಿನಕಾಯಿಗಳಲ್ಲಿ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದೆ ಎಂದೆ. ಮೇಷ್ಟ್ರು ಅದನ್ನೇ ಕಸಿದುಕೊಂಡು ತಮ್ಮ ಕಿವಿಗೆ ಹಿಡಿದರು.

"ಐ ಬೆಗ್ ಟು ಡಿಫರ್ ಕಣಪ್ಪ. ಒಳಗೆ ಇನ್ನೂ ನೀರೈತೆ. ಒಂದು ತಿಂಗ್ಳು ಬುಡು."

ಒಂದು ದಿನವೂ ಬಿಡಲಿಲ್ಲ ನಾನು. ಬರೀ ಹಟಕ್ಕೆ, ಮರುದಿನವೇ ಆಳು ಕರೆಸಿ ಅಟ್ಟದ ಕಾಯನ್ನೆಲ್ಲ ಸುಲಿಸಿ ಒಡೆಸಿದೆ. ಅರ್ಧಕ್ಕರ್ಧ ಹಸಿ. ಅಂಗಳದ ತುಂಬ ಹುಳಿ ವಾಸನೆಯ ನೀರು.

ಮೇಷ್ಟ್ರು ಬೇಲಿಯಾಚೆ ನಿಂತು ನೋಡುತ್ತಿದ್ದರು. ಹಲ್ಲು ಕಚ್ಚಿಕೊಂಡು ಹೇಳಿದೆ: "ನೀವು ಹೇಳಿದ್ದೇ ಸರಿ ಮೇಷ್ಟ್ರೇ. ತಪ್ಪೆಲ್ಲ ನಂದೇ."

ಅವರ ಕೈ ಕನ್ನಡಕಕ್ಕೆ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಐ ಬೆಗ್ ಟು ಡಿಫರ್. ನಿಂದೇನಪ್ಪ ತಪ್ಪು? ಈ ವರ್ಷ ಮಳೆ ಜಾಸ್ತಿ ಹಿಡ್ಕಂಡಿತ್ತು, ಕಾಯಿ ಒಣಗ್ಲಿಲ್ಲ."

ಹಾಗೆಂದವರೇ ಬೇಲಿ ದಾಟಿ ಬಂದು, ಪಂಚೆ ಎತ್ತಿ ಕಟ್ಟಿ, ಹಸಿ ಹೋಳುಗಳನ್ನು ನನ್ನ ಜೊತೆ ಬಿಸಿಲಿಗೆ ಹರಡತೊಡಗಿದರು. ಸೋತೆ ಎಂದರೂ ಒಪ್ಪಲಿಲ್ಲ ಆ ಮನುಷ್ಯ.