ಟೈಲರ್ ಹೊಲಿದ ಈಜುಚಡ್ಡಿ

ಕಾದಂಬರಿಯ ನಾಯಕ ಹೊಳೆಗೆ ಹಾರುವಾಗ ಏನು ತೊಟ್ಟಿದ್ದನೆಂದು ಯಾರೂ ಬರೆಯುವುದಿಲ್ಲ. ಬ್ರಿಟಿಷರ ಕಾಲದಲ್ಲಿ ನನ್ನಣ್ಣ ಈಜುಪಂದ್ಯಕ್ಕೆ ತೊಟ್ಟದ್ದು ವಿರಾಜಪೇಟೆಯ ನಮ್ಮ ಟೈಲರ್ ಹೊಲಿದ ಅಂಗೈಯಗಲದ ಚಡ್ಡಿ. "ಮೊಣಕಾಲು ಮುಚ್ಚೋದು ಬೇಡ್ವಾ?" ಎಂದು ಅಮ್ಮ ಕೇಳಿದರೆ, ಟೈಲರ್ ಸೂಜಿ ಕಚ್ಚಿಕೊಂಡೇ, "ನೀರಿಗೆ ಬಟ್ಟೆ ಭಾರ ಅಕ್ಕಾ" ಎಂದರು. ಯಾರು ಕೇಳಿದರೂ ಅದೇ ಉತ್ತರ.

ಅಣ್ಣ ಗೆದ್ದ. ಆದರೆ ಗೆದ್ದವನು ನೀರಿನಿಂದ ಮೇಲೇಳಲೇ ಇಲ್ಲ; ಲಾಡಿ ಕಿತ್ತುಹೋಗಿ ಚಡ್ಡಿ ಹೊಳೆಯ ಪಾಲಾಗಿತ್ತು. ದಡದಲ್ಲಿ ಊರಿಗೆ ಊರೇ ನಗುತ್ತಿತ್ತು. ಟೈಲರ್ ನಗಲಿಲ್ಲ. "ಹೊಲಿಗೆ ನಂದು, ಮಾನವೂ ನಂದೇ" ಎಂದವರು ಹೆಗಲ ಮೇಲಿನ ಪಂಚೆಯನ್ನು ಎತ್ತಿ ಹಿಡಿದು ಕುತ್ತಿಗೆಮಟ್ಟದ ನೀರಿಗೆ ಇಳಿದರು. ಅದನ್ನು ಅಣ್ಣನ ಸೊಂಟಕ್ಕೆ ಸುತ್ತಿ, ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು ಮೆಲ್ಲಗೆ ಹೇಳಿದರು: "ಈಗ ನನ್ನನ್ನ ದಡ ಸೇರಿಸು ಮಾರಾಯ, ನಂಗೆ ಈಜು ಬರಲ್ಲ."