ಬಿಚ್ಚದ ಬಳೆಗಳ ಲೆಕ್ಕ

ಎರಡನೇ ತರಗತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದೆಂದರೆ ಪೈಡಿತಲ್ಲಿ ಟೀಚರಿಗೆ, ಕೇರಿಯವರ ಪಂತುಲಮ್ಮನಿಗೆ, ಎಂದೂ ಅಳುಕಿಲ್ಲ. ಹುಣಸೆಬೀಜ, ಕವಡೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಕಣ್ಣಿಗೆ ಬಿದ್ದದ್ದೆಲ್ಲ ಅವಳಿಗೆ ಪಾಠವೇ. ಭೀಮಿಲಿಯ ಆಚೆ ಕಡಲ ದಂಡೆಯ ಈ ಬೆಸ್ತರ ಕೇರಿಗೆ ಅವಳು ಬಂದದ್ದು ಅನಕಾಪಲ್ಲಿಯ ಬೆಲ್ಲದ ಸೀಮೆಯಿಂದ. ಅವಳ ಮನೆಯಲ್ಲಿ ಯಾರೂ ದೋಣಿ ಹತ್ತಿದವರಲ್ಲ. ಅದಕ್ಕೇ ಆ ತಪ್ಪಾಯಿತು.

ಅಂದು ನೂಕರತ್ನಂ ಹೊಸ ಗಾಜಿನ ಬಳೆ ತೊಟ್ಟು ಬಂದಿದ್ದಳು. ಎರಡೂ ಕೈ ಸೇರಿ ಹನ್ನೆರಡು.

"ಐದು ಬಿಚ್ಚಿಡು ರತ್ನ. ಎಷ್ಟು ಉಳೀತು ಹೇಳು."

ಹುಡುಗಿ ಕೈಗಳನ್ನು ಎದೆಗೆ ಅವುಚಿಕೊಂಡು ಅತ್ತುಬಿಟ್ಟಳು. ಬೇರೆ ದಿನವಾಗಿದ್ದರೆ ಮಕ್ಕಳು ನಗುತ್ತಿದ್ದರು. ಅಂದು ಒಬ್ಬರೂ ನಗಲಿಲ್ಲ. ಮರುದಿನ ರತ್ನ ಶಾಲೆಗೆ ಬರಲಿಲ್ಲ.

ಸಂಜೆ ಪಂತುಲಮ್ಮ ಅವಳ ಮನೆಗೆ ಹೋದಳು. ಅಜ್ಜಿ ವರಹಾಲಮ್ಮ ಮರಳಿನ ಮೇಲೆ ಹರಡಿದ್ದ ಮೀನು ತಿರುವುತ್ತಿದ್ದಳು. ತಲೆ ಎತ್ತಲಿಲ್ಲ.

"ಗಂಡಸರು ಕಡಲಲ್ಲಿರುವಾಗ ಹೆಣ್ಣುಮಕ್ಕಳ ಬಳೆ ಬಿಚ್ಚಿಸ್ತಾರೇನೇ ತಾಯಿ? ಇವಳಪ್ಪ ಇನ್ನೂ ಬಂದಿಲ್ಲ. ನಿನ್ನ ಲೆಕ್ಕ ನಮಗೆ ಬೇಡ. ಇನ್ಮೇಲೆ ಇವಳು ನನ್ನ ಜೊತೆ ಮೀನು ಒಣಗಿಸ್ತಾಳೆ."

"ನನಗೆ ಗೊತ್ತಿರಲಿಲ್ಲ ಅಜ್ಜೀ, ತಪ್ಪಾಯ್ತು. ಆದ್ರೆ ರತ್ನನ್ನ ನಾನು ಬಿಡಲ್ಲ. ಒಂದು ಬಳೆಯೂ ಬಿಚ್ಚದೆ ಕಳೆಯೋ ಲೆಕ್ಕ ಮಾಡಿಸ್ತೀನಿ, ನೋಡಿ. ಆಗದಿದ್ರೆ ನಾನೇ ಬಂದು ಈ ಮೀನು ತಿರುವ್ತೀನಿ."

"ನೀನಾ? ಬೆಲ್ಲದೂರಿನೋಳು! ಮೂಗು ಮುಚ್ಚೋಕೇ ನಿನಗೆ ಎರಡು ಕೈ ಸಾಲಲ್ಲ."

ಬಾಗಿಲ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಪಂತುಲಮ್ಮ ರತ್ನಳನ್ನು ಕರೆದು ಎದುರು ನಿಲ್ಲಿಸಿಕೊಂಡಳು.

"ಬಲಗೈಲಿ ಎಷ್ಟು?"

"ಏಳು."

"ಎಡಗೈಲಿ?"

"ಐದು. ಕೂಡಿದ್ರೆ ಹನ್ನೆರಡು."

"ಈಗ ಬಲಗೈ ಬೆನ್ನ ಹಿಂದೆ ಇಟ್ಕೋ. ಇರೋದು ಹನ್ನೆರಡು, ನನಗೆ ಕಾಣೋದು ಐದು. ಕಾಣದ್ದು?"

ರತ್ನಳ ತುಟಿ ಅಲುಗಿತು. "ಏಳು."

"ಕೈ ಬದಲಾಯಿಸು. ಹನ್ನೆರಡರಲ್ಲಿ ಐದು ಹೋದ್ರೆ?"

"ಏಳು! ಆದ್ರೆ ಆ ಐದು ಹೋಗಿಲ್ಲ ಪಂತುಲಮ್ಮಾ, ಹಿಂದೆ ಇವೆ."

"ಅಷ್ಟೇ ಕಣೇ. ಕೂಡೋದು ಗೊತ್ತಿದ್ರೆ ಕಳೆಯೋದೂ ಗೊತ್ತಿದ್ದಂಗೇ. ಅವೇ ಬಳೆ, ಅವೇ ಕೈ."

ಅಜ್ಜಿಯ ಕೈ ಮೀನಿನ ಮೇಲೆ ನಿಂತಿತ್ತು. ರತ್ನ ದಂಡೆಯ ಕಡೆ ತಿರುಗಿದಳು. ಮರಳಿಗೆ ಎಳೆದಿಟ್ಟ ದೋಣಿಗಳನ್ನು ಬೆರಳು ತೋರಿಸುತ್ತ ಎಣಿಸಿದಳು.

"ಅಜ್ಜೀ, ನಮ್ಮ ಕೇರಿದು ಹನ್ನೆರಡು ದೋಣಿ. ಇಲ್ಲಿರೋದು ಎಂಟು. ಇನ್ನು ನಾಲ್ಕು ಕಾಣಲ್ಲ, ಆದ್ರೆ ಅಲ್ಲಿ ಕಡಲಲ್ಲಿವೆ. ಅಪ್ಪಂದೂ ಅದರಲ್ಲೇ."

ವರಹಾಲಮ್ಮ ಹಣೆಗೆ ಅಂಗೈ ಅಡ್ಡ ಹಿಡಿದು ನೀರಿನತ್ತ ತುಸು ಹೊತ್ತು ನೋಡಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡಳು.

"ನಾಳೆ ಎಣ್ಣೆ ಹಚ್ಚಿ, ಜಡೆ ಹಾಕಿ ಕಳಿಸ್ತೀನಿ. ಬಳೆ ಮುಟ್ಟಿದ್ಯೋ, ಮೀನಿನ ಬುಟ್ಟಿ ನಿನ್ನ ತಲೆ ಮೇಲೆ!"

"ಮುಟ್ಟಲ್ಲ ಅಜ್ಜೀ. ನಾಳೆ ತರಗತಿಗೆಲ್ಲ ಈ ಪಾಠ ಹೇಳೋಳು ಇವಳೇ" ಎಂದಳು ಪಂತುಲಮ್ಮ.

ರತ್ನ ಆಗಲೇ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ಪಕ್ಕದ ಮನೆಯತ್ತ ಓಡುತ್ತಿದ್ದಳು.